ಹನ್ನೆರಡನೆಯ ಬ್ಯಾಗು

ಭದ್ರಾವತಿಯ ಕಾರ್ಖಾನೆಯೊಂದರ ಗೇಟಿನಲ್ಲಿ ಮೂವತ್ತೊಂದು ವರ್ಷ ನಿಂತು ಜನರ ಚೀಲ ಬಿಚ್ಚಿಸಿ ನೋಡಿದವನು ನಾನು. ಶಿಫ್ಟು ಮುಗಿದು ಸೈರನ್ ಕೂಗಿದ ಮೇಲೆ ಹೊರಗೆ ಬರುವವರ ಊಟದ ಡಬ್ಬಿ, ಕೈಚೀಲ, ಸೈಕಲ್ಲಿನ ಸೀಟು ಎಲ್ಲದರ ಮೇಲೂ ಕೈಯಾಡಿಸುವುದು ನನ್ನ ಕೆಲಸ. ಯಂತ್ರದ ಹಿತ್ತಾಳೆಯ ಬುಷ್ಷನ್ನು ಮೊಸರನ್ನದೊಳಗೆ ಹೂತು ತಂದವನನ್ನು ಹಿಡಿದಿದ್ದೇನೆ. ಸೊಂಟಕ್ಕೆ ತಾಮ್ರದ ತಂತಿ ಸುತ್ತಿಕೊಂಡು, ಅದರ ಮೇಲೆ ಸ್ವೆಟರ್ ಹಾಕಿಕೊಂಡು, ಏಪ್ರಿಲ್ ಬಿಸಿಲಿನಲ್ಲಿ ಬೆವರು ಸುರಿಸುತ್ತಾ ಬಂದವನನ್ನೂ ಹಿಡಿದಿದ್ದೇನೆ. ತಮಿಳಿನವನೊಬ್ಬ ದಿನಾ ತಾನಾಗಿಯೇ ಮುಚ್ಚಳ ತೆಗೆದು "ಸಾದಂ ಸಾರ್, ವೆರುಂ ಸಾದಂ" ಎಂದು ನಗುತ್ತಿದ್ದ. ಬರೀ ಅನ್ನ ಸಾರ್, ಅಂತ. ಅದು ನಿಜವಾಗಿಯೂ ಬರೀ ಅನ್ನವೇ. ಆದರೂ ಅವನು ರಿಟೈರ್ ಆಗುವ ದಿನದವರೆಗೆ ನಾನು ಆ ಅನ್ನಕ್ಕೆ ಚಮಚ ಹಾಕಿ ನೋಡದೆ ಬಿಡಲಿಲ್ಲ.

ಆಮೇಲೆ ನಾನೂ ರಿಟೈರ್ ಆದೆ. "ನೀವು ಮನೆಗೆ ಬಂದ್ರಿ, ನಿಮ್ಮ ಕಣ್ಣು ಇನ್ನೂ ಗೇಟಲ್ಲೇ ಇದೆ" ಎಂದು ಹೆಂಡತಿ ಆಡಿಕೊಳ್ಳುತ್ತಾಳೆ. ತರಕಾರಿಯವನು ತೂಗುವಾಗ ನಾನು ತಕ್ಕಡಿ ನೋಡುವುದಿಲ್ಲ, ಅವನ ಹೆಬ್ಬೆರಳು ನೋಡುತ್ತೇನೆ. ಅದು ಕೆಟ್ಟ ಗುಣ ಎಂದು ನನಗೆ ಯಾವತ್ತೂ ಅನ್ನಿಸಿದ್ದಿಲ್ಲ.

ಹೋದ ಚಳಿಗಾಲದಲ್ಲಿ ಶಿವಮೊಗ್ಗದಿಂದ ಅಕ್ಕ ಫೋನ್ ಮಾಡಿದಳು. ಅವಳ ಒಬ್ಬಳೇ ಮಗಳ ಮದುವೆ ಗೊತ್ತಾಗಿತ್ತು. ಹುಡುಗಿ ಹುಬ್ಬಳ್ಳಿಯ ಬ್ಯಾಂಕೊಂದರಲ್ಲಿ ಕೆಲಸದಲ್ಲಿದ್ದಳು. ಹುಡುಗನೂ ಅಲ್ಲಿಯವನೇ.

"ಮಾರಾಯ, ನೀನು ಎರಡು ದಿನ ಮುಂಚೆನೇ ಬಂದ್ಬಿಡು. ಪ್ಯಾಕಿಂಗ್ ನಿನ್ನ ಬಿಟ್ರೆ ಬೇರೆ ಯಾರ ಕೈಲೂ ಆಗಲ್ಲ."

ಆ ಮಾತು ಸುಳ್ಳಲ್ಲ. ನಮ್ಮ ಕಡೆಯ ಯಾವ ಮದುವೆಯಾದರೂ ಸಾಮಾನು ಕಟ್ಟುವವನು ನಾನೇ. ಯಾವುದರೊಳಗೆ ಏನು ಹೇಗೆ ಅಡಗುತ್ತದೆ ಎಂದು ಜೀವಮಾನವಿಡೀ ನೋಡಿದವನಿಗೆ ಯಾವುದನ್ನು ಎಲ್ಲಿಡಬೇಕು ಎಂಬುದೂ ಗೊತ್ತಿರುತ್ತದೆ. ಆದರೆ ಇಷ್ಟು ದಿನ ನಾನು ಕಟ್ಟಿದ್ದೆಲ್ಲ ಊರೊಳಗಿನ ಛತ್ರಕ್ಕೆ. ಏನಾದರೂ ಮರೆತರೆ ಸ್ಕೂಟರಿನಲ್ಲಿ ಹೋಗಿ ತರಬಹುದಿತ್ತು. ಈ ಮದುವೆ ಗೋವಾದಲ್ಲಿ, ಸಮುದ್ರದ ದಂಡೆಯ ರೆಸಾರ್ಟಿನಲ್ಲಿ, ಮೂರು ದಿನ.

ನನಗೆ ಅನುಮಾನ ಹುಟ್ಟಿದ್ದೇ ಅಲ್ಲಿಂದ. ಶಿವಮೊಗ್ಗದಲ್ಲಿ ಛತ್ರಗಳಿಗೆ ಬರವೇ? ಸವಳಂಗ ರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡು ಮೂವತ್ತು ವರ್ಷದಿಂದ ಊರಿನ ಅರ್ಧ ಮದುವೆಗಳಿಗೆ ಹೋಗಿ ಬಂದ ಭಾವನ ಮನೆಯ ಮೊದಲ ಮದುವೆಗೆ ಅರವತ್ತೇ ಜನ! ಯಾಕೆ ಅಂದರೆ, ಹುಡುಗಿಯ ಹಟ. ತಾಯಿಗೆ ಅವಳು ಹೇಳಿದ್ದು, "ಅಡುಗೆಯವರ ತಲೆನೋವು ಇರಲ್ಲಮ್ಮ." ತಂದೆಗೆ ಹೇಳಿದ್ದು, "ಹುಡುಗನ ಕಡೆಯವರಿಗೆ ಅದೇ ಇಷ್ಟ." ನಾನು ಕೇಳಿದಾಗ, "ಸುಮ್ನೆ ಮಾವ." ಒಂದು ಪ್ರಶ್ನೆಗೆ ಮೂರು ಉತ್ತರ ಕೊಡುವವರನ್ನು ಗೇಟಿನಲ್ಲಿ ನಾವು ಪಕ್ಕಕ್ಕೆ ನಿಲ್ಲಿಸುತ್ತಿದ್ದೆವು.

ನನಗೂ ಅವಳಿಗೂ ನಡುವೆ ಒಂದು ಹಳೆಯ ಸಂಗತಿ ಇದೆ. ಅದನ್ನು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ.

ಹತ್ತು ವರ್ಷದ ಹಿಂದೆ ಅವಳು ಮೈಸೂರಿನ ಹಾಸ್ಟೆಲ್ಲಿನಲ್ಲಿದ್ದು ಬಿ.ಎಸ್ಸಿ. ಓದುತ್ತಿದ್ದಳು. ರಜೆಗೆ ಬರುವಾಗ ಭದ್ರಾವತಿಯಲ್ಲಿ ರೈಲು ಇಳಿದು, ನಮ್ಮ ಮನೆಯಲ್ಲಿ ಒಂದು ದಿನ ಇದ್ದು, ಅತ್ತೆಯ ಕೈಯ ಊಟ ಉಂಡು, ಮರುದಿನ ಶಿವಮೊಗ್ಗಕ್ಕೆ ಹೋಗುವುದು ರೂಢಿ. ನಮಗೆ ಮಕ್ಕಳಿಲ್ಲ. ಆ ಒಂದು ದಿನಕ್ಕೆ ನಾವಿಬ್ಬರೂ ಕಾಯುತ್ತಿದ್ದೆವು. ಹಾಗೆ ಬಂದ ಒಂದು ದಿನ ಅವಳು ಸ್ನಾನಕ್ಕೆ ಹೋಗಿದ್ದಳು. ಬಾಗಿಲಿಗೆ ಅಡ್ಡವಾಗಿದ್ದ ಚೀಲವನ್ನು ಸರಿಸೋಣವೆಂದು ಎತ್ತಿದೆ. ಎತ್ತಿದ ಕೈ ಸುಮ್ಮನಿರಲಿಲ್ಲ. ಮೇಲಿನ ಜೇಬಿನಲ್ಲಿ ಚೆನ್ನೈಗೆ ಹೋಗುವ ಎರಡು ರೈಲು ಟಿಕೆಟ್ ಸಿಕ್ಕವು. ಒಂದು ಅವಳ ಹೆಸರಿನಲ್ಲಿ, ಇನ್ನೊಂದು ಯಾವುದೋ ಹುಡುಗನ ಹೆಸರಿನಲ್ಲಿ.

ಅವಳನ್ನು ಕೇಳಲಿಲ್ಲ. ಅವಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಭಾವನಿಗೆ ಫೋನ್ ಮಾಡಿ ಹೇಳಿಯಾಗಿತ್ತು.

ಭಾವ ಮುಂಗೋಪಿ. ಮರುದಿನವೇ ಅವಳನ್ನು ಮೈಸೂರಿಗೆ ಕರೆದುಕೊಂಡು ಹೋಗಿ ಹಾಸ್ಟೆಲ್ ಖಾಲಿ ಮಾಡಿಸಿದರು. ಮಾರ್ಕ್ಸ್ ಕಾರ್ಡುಗಳನ್ನೆಲ್ಲ ತಂದು ಬೀರುವಿನಲ್ಲಿಟ್ಟು ಬೀಗ ಹಾಕಿದರು. "ಓದಿದ್ದು ಸಾಕು" ಅಂದರು. ಅಕ್ಕ ಅತ್ತು ಕರೆದು, ಒಂದು ವರ್ಷ ಕಳೆದ ಮೇಲೆ ಶಿವಮೊಗ್ಗದಲ್ಲೇ ಕಾಲೇಜಿಗೆ ಸೇರಿಸುವಂತೆ ಒಪ್ಪಿಸಿದಳು. ನಿಜ ಸಂಗತಿ ನಮಗೆ ಗೊತ್ತಾಗಿದ್ದು ಎಷ್ಟೋ ತಿಂಗಳ ನಂತರ. ಅವರ ಕಾಲೇಜಿನಿಂದ ಇಬ್ಬರನ್ನು ಬೇಸಿಗೆಯ ತರಬೇತಿಗೆ ಆರಿಸಿದ್ದರಂತೆ. ಟಿಕೆಟ್ ತೆಗೆಸಿದ್ದವರು ಅವರ ಮೇಡಂ. ಆ ತರಬೇತಿಯ ಪತ್ರವೂ ಅದೇ ಚೀಲದಲ್ಲಿ, ಎರಡು ಬಟ್ಟೆಯ ಕೆಳಗೆ ಇತ್ತಂತೆ. ಅನ್ನಕ್ಕೆ ಚಮಚ ಹಾಕಿ ನೋಡುತ್ತಿದ್ದ ನಾನು, ಹುಡುಕುತ್ತಿದ್ದದ್ದು ಸಿಕ್ಕ ಕೂಡಲೇ ಕೈ ನಿಲ್ಲಿಸಿಬಿಟ್ಟಿದ್ದೆ.

ನಾನು ಅವಳ ಕ್ಷಮೆ ಕೇಳಲಿಲ್ಲ. ಕೇಳುವುದು ಹೇಗೆಂದು ಗೊತ್ತಾಗಲಿಲ್ಲ ಅಂತಲ್ಲ, ಕೇಳಲು ಮನಸ್ಸಾಗಲಿಲ್ಲ. ಟಿಕೆಟ್ ಇದ್ದದ್ದಂತೂ ನಿಜ ತಾನೇ ಎಂದು ನನ್ನಷ್ಟಕ್ಕೆ ವಾದ ಮಾಡಿಕೊಂಡೆ. ಅವಳು ಮತ್ತೆ ಭದ್ರಾವತಿಯಲ್ಲಿ ಇಳಿಯಲಿಲ್ಲ. ಎಲ್ಲಾದರೂ ಸಿಕ್ಕರೆ "ಆರಾಮಾ ಮಾವ?" ಅಷ್ಟೇ. ನನ್ನ ಹೆಂಡತಿಯ ಜೊತೆ ಮಾತ್ರ ಗಂಟೆಗಟ್ಟಲೆ ಫೋನು.

ಈಗ ಮದುವೆ. ನಮ್ಮಲ್ಲಿ ಮದುಮಗಳ ಕೈ ಹಿಡಿದು ಮಂಟಪಕ್ಕೆ ಕರೆದುಕೊಂಡು ಹೋಗುವವನು ಸೋದರಮಾವ. ಅದು ಬೇರೆ ಯಾರಿಗೂ ಬರುವ ಹಕ್ಕಲ್ಲ. ಅವಳಿಗೆ ಇರುವ ಸೋದರಮಾವ ನಾನೊಬ್ಬನೇ. ಐದು ವರ್ಷದವಳಿದ್ದಾಗ ಅವಳನ್ನು ಸಕ್ರೆಬೈಲಿಗೆ ಆನೆ ನೋಡಲು ಕರೆದುಕೊಂಡು ಹೋಗಿದ್ದೆ. ಹೊಳೆಯಲ್ಲಿ ಮೀಯುತ್ತಿದ್ದ ಆನೆ ಎದ್ದು ನಿಂತಾಗ ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳು ಅಂದರೆ, ಉಗುರಿನ ಗುರುತು ಸಂಜೆಯವರೆಗೂ ಇತ್ತು. ಮದುವೆ ನಿಶ್ಚಯವಾದ ಮೇಲೆ ಅಕ್ಕ ಅವಳನ್ನು ಕೇಳಿದಳಂತೆ, "ಮಾವನೇ ಅಲ್ವಾ ನಿನ್ನ ಕರ್ಕೊಂಡು ಹೋಗೋದು?" ಅವಳು "ನೋಡೋಣ" ಅಂದಳಂತೆ. ಅಕ್ಕ ಅದನ್ನು ನನಗೆ ಹೇಳಬಾರದಿತ್ತು, ಆದರೂ ಹೇಳಿದಳು. ಆ "ನೋಡೋಣ" ನನ್ನ ಹೊಟ್ಟೆಯಲ್ಲಿ ಎರಡು ತಿಂಗಳು ಕೂತಿತ್ತು. ಯಾರ ಮುಂದೆಯೂ ಹೇಳಿಕೊಳ್ಳಲಿಲ್ಲ. ಆ ಕೈ ನನಗೆ ಸಿಗದಿದ್ದರೆ ಅರವತ್ತು ಜನರ ಮುಂದೆ ಮಾನ ಹೋಗುತ್ತದೆ ಎಂಬುದು ಚಿಕ್ಕ ಮಾತು. ಅವಳು ನನ್ನನ್ನು ಒಲ್ಲೆ ಅಂದಳು ಎಂಬುದನ್ನು ಇಟ್ಟುಕೊಂಡು ಉಳಿದ ಆಯಸ್ಸು ಕಳೆಯಬೇಕಲ್ಲ, ಅದಕ್ಕೆ ಹೆದರಿದ್ದೆ.

ಹೊಸಮನೆ ಬಡಾವಣೆಯ ಅವರ ಮನೆಗೆ ನಾನು ಕಾಲಿಟ್ಟಾಗ ಹಾಲ್ ತುಂಬ ಸಾಮಾನು. ಅಕ್ಕನ ಫೋನಿನಲ್ಲಿ ಇವೆಂಟಿನವರು ಕಳಿಸಿದ ಪಟ್ಟಿ ಇತ್ತು. ಮೊದಲ ದಿನ ಮೆಹಂದಿ, ಎಲ್ಲರಿಗೂ ಹಸಿರು ಬಟ್ಟೆ. ಎರಡನೆಯ ದಿನ ಬೆಳಿಗ್ಗೆ ಹಳದಿ, ಅಂದರೆ ಅರಿಶಿನ ಹಚ್ಚುವುದು, ಸಂಜೆ ಸಂಗೀತ, ಅಂದರೆ ಹಾಡು ಕುಣಿತ. ಮೂರನೆಯ ದಿನ ಮುಹೂರ್ತ. ಅದರ ಎದುರಿಗೆ "ಬ್ರೈಡ್ ಎಂಟ್ರಿ, ಕಸಿನ್ಸ್, ಹೂವಿನ ಚಾದರ" ಎಂದು ಬರೆದಿತ್ತು. ನಾಲ್ಕು ಜನ ನಾಲ್ಕು ಮೂಲೆಗೆ ಹೂವಿನ ಚಾದರ ಎತ್ತಿ ಹಿಡಿಯುತ್ತಾರಂತೆ, ಅದರ ಕೆಳಗೆ ಹುಡುಗಿ ನಡೆದು ಬರುತ್ತಾಳಂತೆ. ಸೋದರಮಾವ ಎಂಬ ಶಬ್ದ ಆ ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ. ಮೇಲಿನಿಂದ ಕೆಳಗೆ ಎರಡು ಸಲ ನೋಡಿದೆ.

"ಏನು ಹುಡುಕ್ತಿದ್ದೀಯ?" ಅಂದಳು ಅಕ್ಕ.

"ಏನಿಲ್ಲ. ಅಕ್ಷರ ಸಣ್ಣದಿದೆ" ಅಂದೆ.

ಬಾಯಿ ಮುಚ್ಚಿಕೊಂಡು ಕೆಲಸಕ್ಕೆ ಕೂತೆ. ಧಾರೆಯ ಸಾಮಾನು ಒಂದು ಟ್ರಂಕಿಗೆ: ಬೆಳ್ಳಿಯ ಕಳಶ, ಅಂತರಪಟ, ಅರಿಶಿನದ ಕೊಂಬು, ಜೀರಿಗೆ ಬೆಲ್ಲ. ಬಾಸಿಂಗ ನಲುಗಿದರೆ ಕೆಲಸಕ್ಕೆ ಬಾರದು, ಅದಕ್ಕೆ ಮಿಕ್ಸಿಯ ಹಳೆಯ ರಟ್ಟಿನ ಡಬ್ಬ ತರಿಸಿ ಸುತ್ತಲೂ ಹತ್ತಿ ತುರುಕಿದೆ. ವೀಳ್ಯದೆಲೆಗೆ ಒದ್ದೆ ಬಟ್ಟೆ, ಅದರ ಮೇಲೆ ಬಾಳೆಲೆ. ರೇಷ್ಮೆ ಸೀರೆಗಳ ಮಡಿಕೆ ಬದಲಾಯಿಸಿ, ಜರಿಯ ಮೇಲೆ ಜರಿ ಕೂರದ ಹಾಗೆ ಹಳೆಯ ಪಂಚೆಯ ತುಂಡು ಇಟ್ಟೆ. ಒಂದೊಂದು ಪೆಟ್ಟಿಗೆಗೂ ಕೆಂಪು ಬಣ್ಣದಲ್ಲಿ ನಂಬರು ಬರೆದ ಚೀಟಿ ಕಟ್ಟಿದೆ. ಸಂಜೆಯ ಹೊತ್ತಿಗೆ ಹನ್ನೊಂದಾದವು. ಅಕ್ಕ ಒಂದೊಂದರ ಹಿಡಿಕೆ ಮುಟ್ಟಿ ನೋಡಿ "ಅಬ್ಬಾ" ಅಂದಳು.

ಇಷ್ಟು ಹೊತ್ತೂ ಹುಡುಗಿ ಫೋನು ಹಿಡಿದು ಒಳಗೆ ಹೊರಗೆ ಓಡಾಡುತ್ತಿದ್ದಳು. ನಾನಿದ್ದ ಕಡೆ ಬಂದರೆ ದನಿ ತಗ್ಗುತ್ತಿತ್ತು. "ಹೂಂ, ಅದು ರೆಡಿ ಇದೆ... ಇಲ್ಲ, ಯಾರಿಗೂ ಹೇಳಿಲ್ಲ" ಎಂದು ಒಮ್ಮೆ ಕೇಳಿಸಿತು. ನನ್ನ ಕಿವಿ ನೆಟ್ಟಗಾಯಿತು. ಮದುವೆಗೆ ಹೊರಡಲು ಎರಡು ದಿನ ಇರುವಾಗ ಹುಡುಗಿಯೊಬ್ಬಳು ಯಾರಿಗೂ ಹೇಳದೆ ರೆಡಿ ಮಾಡಿಡುವಂಥದ್ದು ಏನಿರುತ್ತದೆ?

ಮರುದಿನ ಬೆಳಿಗ್ಗೆ ಕೊನೆಯ ಸಲ ಎಣಿಸೋಣವೆಂದು ಅವಳ ಕೋಣೆಗೆ ಹೋದೆ. ಮಂಚದ ಕೆಳಗೆ, ಗೋಡೆಗೆ ಒತ್ತಿದ ಹಾಗೆ, ಬೂದು ಬಣ್ಣದ ಒಂದು ಬ್ಯಾಗು. ಬೆನ್ನಿಗೆ ಹಾಕಿಕೊಳ್ಳುವಂಥದ್ದು. ಹಳೆಯದು, ಒಂದು ಕಡೆಯ ಪಟ್ಟಿಗೆ ಹೊಲಿಗೆ ಹಾಕಿತ್ತು. ನನ್ನ ಚೀಟಿ ಅದಕ್ಕಿರಲಿಲ್ಲ. ನಾನು ಬಗ್ಗಿದ್ದನ್ನು ನೋಡಿ ಕನ್ನಡಿಯ ಮುಂದಿದ್ದ ಅವಳು ಗಕ್ಕನೆ ತಿರುಗಿದಳು.

"ಅದು ಬೇಡ ಮಾವ."

"ಹನ್ನೆರಡು ಅಂತ ಬರೀಲಾ?"

"ಬೇಡ. ಅದು ಆ ಸಾಮಾನಿಗೆ ಸೇರಿದ್ದಲ್ಲ. ನಾನೇ ತಗೊಳ್ತೀನಿ."

ಅವಳ ಮುಖ ಶಾಂತವಾಗಿತ್ತು. ಮುಖ ನೋಡಿ ಮೋಸ ಹೋಗಬಾರದು ಎಂದು ನಾನು ಕಲಿತದ್ದು ಗೇಟಿನಲ್ಲಿ. ಕಾಲು ನೋಡಬೇಕು. ಅವಳ ಬಲಗಾಲಿನ ಹೆಬ್ಬೆರಳು ನೆಲ ಕೆರೆಯುತ್ತಿತ್ತು. "ಸರಿ ಮಾರಾಯ್ತಿ, ನಿನ್ನಿಷ್ಟ" ಎಂದು ಎದ್ದೆ. ಏಳುವಾಗ ಸರಿಸುವವನ ಹಾಗೆ ಎರಡು ಬೆರಳಿನಲ್ಲಿ ಅದರ ಪಟ್ಟಿ ಎತ್ತಿ ನೋಡಿದೆ. ಐದಾರು ಕೆ.ಜಿ. ಇತ್ತು. ತಳದಲ್ಲಿ ಶೂ. ಬೆನ್ನಿನ ಕಡೆ ಚಪ್ಪಟೆಯಾಗಿ ಗಟ್ಟಿಯಾದದ್ದು, ಕಾಗದವೇ ಇರಬೇಕು. ಸೀರೆಯಲ್ಲ, ಒಡವೆಯಲ್ಲ.

ಆಮೇಲೆ ತಿಂಡಿಗೆ ಕೂತು ಲೆಕ್ಕ ಹಾಕತೊಡಗಿದೆ. ಗೋವಾ ಅಂದರೆ ರೈಲು ಯಾವ ದಿಕ್ಕಿಗಾದರೂ ಸಿಗುವ ಜಾಗ. ನೆಂಟರು ಅರವತ್ತೇ ಜನ, ಹಿಂದೆ ಓಡುವವರು ಯಾರೂ ಇಲ್ಲ. ಮೂರು ಜನಕ್ಕೆ ಮೂರು ಕಾರಣ. ಗುಟ್ಟಿನ ಫೋನು. ಈಗ ಈ ಬ್ಯಾಗು. ಒಂದರ ಪಕ್ಕ ಒಂದು ಜೋಡಿಸುತ್ತಾ ಹೋದರೆ ಎಲ್ಲಕ್ಕೂ ಒಂದೇ ಅರ್ಥ ಬರುತ್ತಿತ್ತು. ಹುಡುಗಿ ಮುಹೂರ್ತಕ್ಕೆ ಮುಂಚೆ ಕಾಣೆಯಾಗುತ್ತಾಳೆ. ಅಕ್ಕ ಮಂಟಪದ ಮುಂದೆ ಕುಸಿಯುವುದು, ಭಾವ ಯಾರ ಮುಖವನ್ನೂ ನೋಡದೆ ನಿಲ್ಲುವುದು, ಎಲ್ಲ ನನ್ನ ಕಣ್ಣಿಗೆ ಕಟ್ಟಿತು. ಎಲ್ಲ ಗೊತ್ತಿದ್ದೂ ನಾನು ಸುಮ್ಮನಿದ್ದೆ ಎಂದಾಗುತ್ತದೆ.

ಮಧ್ಯಾಹ್ನ ಊಟವಾದ ಮೇಲೆ ಹುಡುಗಿ ಬ್ಯೂಟಿ ಪಾರ್ಲರಿಗೆ ಹೋದಳು. ಅಕ್ಕ ಬ್ಲೌಸು ತರಲು ಟೈಲರ್ ಹತ್ತಿರ ಹೋದಳು. ಭಾವ ಅಂಗಡಿಯಲ್ಲಿ. ಮನೆಯಲ್ಲಿ ನಾನೊಬ್ಬನೇ. ಹತ್ತು ನಿಮಿಷ ಪೇಪರು ಮುಖದ ಮುಂದೆ ಹಿಡಿದು ಕೂತೆ. ಒಂದು ಸಾಲೂ ಓದಲಿಲ್ಲ. ನಂತರ ಎದ್ದು ಅವಳ ಕೋಣೆಗೆ ಹೋಗಿ, ಮಂಡಿಯೂರಿ, ಬ್ಯಾಗನ್ನು ಹೊರಗೆಳೆದೆ.

ಚೈನು ಅರ್ಧಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಮೆಲ್ಲಗೆ ಬಿಡಿಸಿದೆ. ಎರಡು ಜೊತೆ ಹತ್ತಿಯ ಚೂಡಿದಾರ, ಒಂದು ಜೀನ್ಸ್, ಕ್ಯಾನ್ವಾಸ್ ಶೂ. ಚಾರ್ಜರು. ತಲೆನೋವಿನ ಮಾತ್ರೆ. ಒಂದು ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಹುರಿಗಡಲೆ. ಬೆನ್ನಿನ ಕಡೆ ಒಂದು ಫೈಲು. ಎಸ್ಸೆಸ್ಸೆಲ್ಸಿಯಿಂದ ಡಿಗ್ರಿಯವರೆಗಿನ ಮಾರ್ಕ್ಸ್ ಕಾರ್ಡು, ಎಲ್ಲ ಒರಿಜಿನಲ್. ಬ್ಯಾಂಕಿನ ನೇಮಕದ ಪತ್ರ. ಪಾಸ್‌ಪೋರ್ಟು. ಈ ಸಲ ನಾನು ಅರ್ಧಕ್ಕೆ ನಿಲ್ಲಿಸಲಿಲ್ಲ, ತಳದ ಹೊಲಿಗೆಯವರೆಗೂ ನೋಡಿದೆ. ಮದುವೆಗೆ ಸಂಬಂಧಿಸಿದ್ದು ಒಂದು ಬಳೆಯೂ ಅದರೊಳಗೆ ಇರಲಿಲ್ಲ.

ಮದುವೆ ಮುಗಿಸಿ ಹನಿಮೂನಿಗೆ ಹೋಗುವವರು ಯಾರಾದರೂ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ತಗೊಂಡು ಹೋಗುತ್ತಾರೆಯೇ? ನನ್ನ ಅನುಮಾನ ನಿಜವಾಗಿತ್ತು. ನಾಚಿಕೆಬಿಟ್ಟು ಹೇಳುತ್ತೇನೆ, ಆ ಗಾಬರಿಯ ನಡುವೆಯೂ ಒಳಗೆ ಎಲ್ಲೋ ಒಂದು ಖುಷಿ ಎದ್ದಿತು. ಹತ್ತು ವರ್ಷದ ಹಿಂದೆಯೂ ನಾನೇ ಸರಿ ಇದ್ದಿರಬಹುದು ಎಂಬ ಖುಷಿ.

ಫೋನು ತೆಗೆದು ಭಾವನ ನಂಬರು ಒತ್ತಿದೆ. ಎರಡೇ ರಿಂಗಿಗೆ ಎತ್ತಿದರು. ಹಿಂದೆ ಯಾರೋ ಪೈಪಿನ ಅಳತೆ ಕೇಳುತ್ತಿದ್ದರು.

"ಹೇಳಪ್ಪ, ಏನಾಯ್ತು?"

ಆ "ಏನಾಯ್ತು" ಅವತ್ತು ಕೇಳಿದ್ದೇ ದನಿಯಲ್ಲಿ ಬಂತು. ಅವತ್ತೂ ನಾನು ಹೀಗೇ ಮಂಡಿಯೂರಿ ಕೂತಿದ್ದೆ, ಮುಂದೆ ಬ್ಯಾಗು ಬಿಚ್ಚಿಕೊಂಡಿತ್ತು, ಬಚ್ಚಲಿನಿಂದ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಬಾಗಿಲು ತೆಗೆಯುವವರೆಗೆ ಕಾದು "ಏನಮ್ಮಾ ಇದು" ಎಂದು ಕೇಳಿದ್ದರೆ ಎರಡು ನಿಮಿಷದ ಮಾತು ಅದು.

"ಭಾವ... ಹಗ್ಗ ಸಾಲಲ್ಲ. ಬರ್ತಾ ನೈಲಾನ್ ಹಗ್ಗ ತನ್ನಿ."

"ಅಷ್ಟಕ್ಕೆ ಫೋನಾ? ಗಾಬರಿ ಮಾಡ್ತೀಯಲ್ಲ ಮಾರಾಯ" ಎಂದು ಇಟ್ಟರು.

ಬ್ಯಾಗನ್ನು ಇದ್ದ ಹಾಗೆಯೇ ಮುಚ್ಚಿ ಮಂಚದ ಕೆಳಗೆ ತಳ್ಳಿದೆ. ಹೊರಗೆ ಬಂದು ಜಗಲಿಯ ಮೇಲೆ ಕೂತೆ. ಅವಳಿಗೆ ಗೊತ್ತಾಗದ ಹಾಗೆ ಮುಚ್ಚುವುದು ನನಗೆ ಕಷ್ಟವಿರಲಿಲ್ಲ. ಸುಮ್ಮನಿದ್ದು ಗೋವಾದಲ್ಲಿ ಮೂರು ದಿನ ಅವಳ ಹಿಂದೆ ಹಿಂದೆ ತಿರುಗಿ ಕಾವಲು ಕಾಯಬಹುದಿತ್ತು. ಅದೂ ನನಗೆ ಬರುವ ವಿದ್ಯೆಯೇ. ಹೇಳಿದರೆ ಮಾತ್ರ, ಇದ್ದಬದ್ದ "ನೋಡೋಣ" ಕೂಡ ಹೋಗುತ್ತಿತ್ತು. ಮತ್ತೆ ಅವಳ ಚೀಲಕ್ಕೆ ಕೈಹಾಕಿದ ಮುದುಕನ ಕೈಯನ್ನು ಯಾವ ಹುಡುಗಿ ಹಿಡಿಯುತ್ತಾಳೆ? ಒಂದೂವರೆ ಗಂಟೆ ಹಾಗೆಯೇ ಕೂತಿದ್ದೆ.

ಅವಳು ಸ್ಕೂಟಿ ನಿಲ್ಲಿಸಿ ಒಳಗೆ ಬಂದಳು. ಮುಖ ಫಳಫಳ ಅನ್ನುತ್ತಿತ್ತು. ನಾನು ಎದ್ದು ನಿಂತೆ. ಯಾಕೆ ಎದ್ದೆನೋ ತಿಳಿಯದು, ಆಫೀಸರ್ ಬಂದರೆ ಏಳುವ ಹಾಗೆ.

"ನಿನ್ನ ಬ್ಯಾಗ್ ತೆಗೆದು ನೋಡಿದೆ."

ಅವಳು ಚಪ್ಪಲಿ ಬಿಡುತ್ತಿದ್ದವಳು ಒಂದು ಕಾಲು ಮೇಲೆತ್ತಿಕೊಂಡೇ ನಿಂತಳು. ಮುಖದ ಹೊಳಪೆಲ್ಲ ಇಳಿಯಿತು. ಕೇಳಿದಳು, "ಅಪ್ಪಂಗೆ ಹೇಳಿದ್ರಾ?"

"ಇಲ್ಲ."

"ನಿಜ ಹೇಳಿ."

"ಫೋನ್ ಮಾಡಿದೆ. ಆದ್ರೆ ಹೇಳ್ಲಿಲ್ಲ. ಮೊದ್ಲು ನಿನ್ನೇ ಕೇಳೋಣ ಅಂತ."

ಅವಳು ನಕ್ಕಳು. ಸಂತೋಷದ ನಗೆಯಲ್ಲ. "ಹತ್ತು ವರ್ಷ ಬೇಕಾಯ್ತಾ ಮಾವ, ಇದಕ್ಕೆ?"

ಅವಳು ಒಳಗೆ ಹೋಗಿ ಬ್ಯಾಗನ್ನು ತಂದು ಜಗಲಿಯ ಮೇಲೆ ನಮ್ಮಿಬ್ಬರ ನಡುವೆ ಇಟ್ಟು ಕೂತಳು.

"ಕೇಳಿ ಈಗ."

"ಓಡಿ ಹೋಗ್ತೀಯಾ?"

"ಅಯ್ಯೋ ಮಾವ! ಹುಡುಗನ್ನ ಹುಡುಕಿದ್ದೇ ನಾನು. ಅವರನ್ನ ಬಿಟ್ಟು ಯಾರ ಹತ್ರ ಓಡಿ ಹೋಗ್ಲಿ?"

"ಮತ್ತೆ ಫೋನಲ್ಲಿ, ರೆಡಿ ಇದೆ, ಯಾರಿಗೂ ಹೇಳಿಲ್ಲ ಅಂತಿದ್ದೆ?"

"ಅದನ್ನೂ ಕೇಳಿಸ್ಕೊಂಡ್ರಾ? ಸಂಗೀತಕ್ಕೆ ಅಮ್ಮನ ಕೈಲಿ ಡ್ಯಾನ್ಸ್ ಮಾಡಿಸ್ಬೇಕು ಅಂತಿದ್ದಾರೆ ಹುಡುಗನ ಅಕ್ಕ. ಹಾಡು ರೆಡಿ ಇದೆ, ಅಮ್ಮಂಗೆ ಗೊತ್ತಿಲ್ಲ. ಗೋವಾನೂ ಅಷ್ಟೇ, ಊರೆಲ್ಲ ಬಂದು ಬಾಯಿಗೊಂದು ಮಾತಾಡೋದು ಬೇಡ ಅಂತ." ಹಣೆ ಚಚ್ಚಿಕೊಂಡಳು. ಆಮೇಲೆ ಬ್ಯಾಗಿನ ಮೇಲೆ ಕೈಯಿಟ್ಟು, ನನ್ನ ಕಡೆ ನೋಡದೆ, ನಿಧಾನವಾಗಿ ಹೇಳಿದಳು.

"ಅವತ್ತು ಅಪ್ಪ ಹಾಸ್ಟೆಲಿಗೆ ಕರ್ಕೊಂಡು ಹೋದಾಗ ಹತ್ತು ನಿಮಿಷ ಟೈಮ್ ಕೊಟ್ರು. ಏನು ತಗೊಳ್ಬೇಕು ಅಂತಾನೇ ಗೊತ್ತಾಗ್ಲಿಲ್ಲ. ಮಾರ್ಕ್ಸ್ ಕಾರ್ಡು ಬೀರುವಿಂದ ವಾಪಸ್ ಕೈಗೆ ಸಿಕ್ಕಿದ್ದು ಎರಡು ವರ್ಷದ ಮೇಲೆ. ಸಿಕ್ಕ ದಿನ ಈ ಬ್ಯಾಗ್ ತಗೊಂಡೆ. ಆವತ್ತಿಂದ ಒಂದು ದಿನಾನೂ ಇದು ಖಾಲಿ ಇಲ್ಲ ಮಾವ. ಈ ಮನೇಲೂ ಮಂಚದ ಕೆಳಗಿತ್ತು, ಹುಬ್ಬಳ್ಳಿ ಪೀಜೀಲೂ ಇತ್ತು. ಆರು ತಿಂಗಳಿಗೊಮ್ಮೆ ಬಟ್ಟೆ ಬದಲಾಯಿಸ್ತೀನಿ. ಎಲ್ಲಿಗೂ ಹೋಗಲ್ಲ. ಆದ್ರೆ ಇದಿಲ್ದಿದ್ರೆ ನಿದ್ದೆ ಬರಲ್ಲ. ಯಾರು ಯಾವಾಗ ಯಾರಿಗೆ ಏನು ಹೇಳ್ತಾರೋ, ಹೇಗೆ ಹೇಳೋದು?"

"ಹುಡುಗಂಗೆ ಗೊತ್ತಾ?"

"ಗೊತ್ತು. ಚೈನ್ ಹಾಳಾಗಿದೆ, ಹೊಸದು ತಗೋ ಅಂದ್ರು."

ಇದನ್ನು ಹೇಳುವಾಗ ಮಾತ್ರ ಅವಳ ಮುಖ ಸ್ವಲ್ಪ ಅರಳಿತು. ನನಗೆ ತಲೆ ಎತ್ತಲಾಗಲಿಲ್ಲ. ಆ ಬ್ಯಾಗಿನೊಳಗೆ ಯಾರಿದ್ದಾರೆ ಎಂದು ಹುಡುಕುತ್ತಿದ್ದೆ. ಇದ್ದವನು ನಾನೇ. ಇಷ್ಟು ವರ್ಷ ಅವಳು ನನ್ನ ಮೇಲೆ ಮುನಿಸಿಕೊಂಡಿದ್ದಾಳೆ ಎಂದುಕೊಂಡಿದ್ದೆ. ಮುನಿಸಾಗಿದ್ದರೆ ಎಷ್ಟೋ ವಾಸಿಯಿತ್ತು. ನನ್ನ ಕಣ್ಣನ್ನೇ ಅವಳಿಗೂ ಅಂಟಿಸಿಬಿಟ್ಟಿದ್ದೆ.

"ತಪ್ಪಾಯ್ತು ಪುಟ್ಟಾ" ಅಂದೆ. "ಅವತ್ತಿಂದೂ ತಪ್ಪು. ಇವತ್ತಿಂದೂ."

ಅವಳು ಪರವಾಗಿಲ್ಲ ಅನ್ನಲಿಲ್ಲ. ನಾನೂ ಅದನ್ನು ಬಯಸಲಿಲ್ಲ. ಗೇಟಿನ ಆಚೆ ಹಾಲಿನವನು ಹೋದ, ಪಕ್ಕದ ಮನೆಯ ನಾಯಿ ಅವನನ್ನು ನೋಡಿ ಬೊಗಳಿತು. ನಂತರ ನನ್ನ ಕಣ್ಣಿಗೆ ಆ ಬ್ಯಾಗು ಬೇರೆ ಥರ ಕಂಡಿತು.

"ನೀನು ತುಂಬಿದ್ದು ಸರಿ ಇಲ್ಲ" ಅಂದೆ.

"ಏನು?"

"ಶೂ ತಳದಲ್ಲಿಟ್ಟಿದ್ದೀಯ. ಓಡೋ ಹೊತ್ತಿಗೆ ಮೊದ್ಲು ಬೇಕಾಗೋದೇ ಅದು. ಎಲ್ಲ ಬಗೆದು ತೆಗೀಬೇಕು. ಕಾಗದಕ್ಕೆ ಪ್ಲಾಸ್ಟಿಕ್ ಇಲ್ಲ, ಒಂದು ಮಳೆ ಬಂದ್ರೆ ಮುಗೀತು. ಕೊಡಿಲ್ಲಿ."

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. ಬ್ಯಾಗನ್ನು ಮೆಲ್ಲಗೆ ನನ್ನ ಕಡೆಗೆ ಸರಿಸಿದಳು. ನಾನು ಎಲ್ಲವನ್ನೂ ತೆಗೆದು ಮತ್ತೆ ಜೋಡಿಸಿದೆ. ಫೈಲಿಗೆ ಎರಡು ಸುತ್ತು ಪ್ಲಾಸ್ಟಿಕ್ ಸುತ್ತಿ ಟೇಪು ಹಾಕಿದೆ. ಬಟ್ಟೆಗಳನ್ನು ಸುರುಳಿ ಮಾಡಿ ನಿಲ್ಲಿಸಿದೆ. ಶೂ ಮೇಲಕ್ಕೆ ಬಂತು. ಚೈನಿಗೆ ಮೇಣದಬತ್ತಿ ಉಜ್ಜಿದೆ, ಸಿಕ್ಕಿಕೊಳ್ಳದೆ ಸರಾಗವಾಗಿ ಹೋಯಿತು. ಅವಳು ಗಲ್ಲಕ್ಕೆ ಕೈಯಿಟ್ಟುಕೊಂಡು ನೋಡುತ್ತಾ ಕೂತಿದ್ದಳು. ಅಕ್ಕ ಬ್ಲೌಸು ಹಿಡಿದು ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಮಂಟಪದ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತುವ ಮುಖ ನನಗಿರಲಿಲ್ಲ.

ಮರುದಿನ ಬೆಳಿಗ್ಗೆ ಆರೂವರೆಗೆ ಮಿನಿಬಸ್ಸು ಬಂತು. ಭದ್ರಾವತಿಯಿಂದ ನನ್ನ ಹೆಂಡತಿಯೂ ಬಂದು ಸೇರಿಕೊಂಡಳು.

"ನಮ್ಮಿಬ್ಬರ ಬಟ್ಟೆ ಯಾವುದರಲ್ಲಿದೆ?" ಎಂದಳು.

"ನಿಂದು ಒಂಬತ್ತರಲ್ಲಿ. ನನ್ನ ಎರಡು ಜೊತೆ ಪ್ಯಾಂಟು ಶರ್ಟು ಅದರಲ್ಲೇ ಸೇರಿಸಿದ್ದೀನಿ."

ನಂಬರಿನ ಪ್ರಕಾರ ಹನ್ನೊಂದು ಪೆಟ್ಟಿಗೆಗಳೂ ಹಿಂದಿನ ಡಿಕ್ಕಿಗೆ ಹೋದವು. ಭಾವ ಪಕ್ಕದಲ್ಲಿ ನಿಂತು ಎಣಿಸುತ್ತಿದ್ದರು. ಬೂದು ಬ್ಯಾಗು ನನ್ನ ಹೆಗಲಿನಲ್ಲಿತ್ತು. ಬೆಳಿಗ್ಗೆ ಹುಡುಗಿ ಸೀರೆಯ ನೆರಿಗೆ ಹಿಡಿದುಕೊಂಡು ಹಾಲ್‌ಗೆ ಬಂದಾಗ, ಅವಳ ಇನ್ನೊಂದು ಕೈಯಿಂದ ನಾನೇ ಅದನ್ನು ಇಸಿದುಕೊಂಡಿದ್ದೆ. ಅವಳು ಬಿಟ್ಟುಕೊಟ್ಟಿದ್ದಳು.

"ಅದೇನದು? ಅದಕ್ಕೆ ಚೀಟಿ ಇಲ್ವಲ್ಲ. ಇವಳ ಹಳೇ ಬ್ಯಾಗ್ ಥರ ಇದೆ" ಎಂದು ಭಾವ ಕೈ ಚಾಚಿದರು. "ಕೊಡು, ಏನಿದೆ ನೋಡೋಣ."

ಹುಡುಗಿ ಬಸ್ಸಿನ ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟವಳು ಹಾಗೆಯೇ ನಿಂತಳು. ಮೂವತ್ತೊಂದು ವರ್ಷ ಬೇರೆಯವರ ಸುಳ್ಳು ಕೇಳಿಸಿಕೊಂಡ ನನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಆದರೆ ಬಾಯಿ ತಡವರಿಸಲಿಲ್ಲ.

"ನಂದೇ ಭಾವ. ನಿನ್ನೆ ಇವಳ ಹತ್ರ ಇಸ್ಕೊಂಡೆ. ನನ್ನ ಬಟ್ಟೆ, ಮಾತ್ರೆ, ಅಷ್ಟೇ." ಬ್ಯಾಗನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡೆ. ಭಾವ "ಹೂಂ" ಎಂದು ಡ್ರೈವರ್ ಕಡೆಗೆ ಹೋದರು.

ಹುಡುಗಿ ಮೆಟ್ಟಿಲು ಹತ್ತಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

"ಮಾವ, ನೀವು ರೇಷ್ಮೆ ಪಂಚೆ ತಗೊಂಡಿದ್ದೀರಾ?"

ತಗೊಂಡಿರಲಿಲ್ಲ. ಹನ್ನೊಂದು ಪೆಟ್ಟಿಗೆ ತುಂಬಿದವನು ಬೇಕೆಂತಲೇ ನನಗೊಂದು ಪಂಚೆ ಇಟ್ಟುಕೊಂಡಿರಲಿಲ್ಲ. ಹೂವಿನ ಚಾದರದ ಹಿಂದೆ, ಜನರ ನಡುವೆ ನಿಲ್ಲುವವನಿಗೆ ಪ್ಯಾಂಟು ಸಾಕು ಎಂದುಕೊಂಡಿದ್ದೆ.

"ಇಲ್ಲ" ಅಂದೆ.

"ಪ್ಯಾಂಟ್ ಹಾಕ್ಕೊಂಡು ನನ್ನ ಮಂಟಪಕ್ಕೆ ಕರ್ಕೊಂಡು ಹೋಗ್ತೀರಾ? ಚೆನ್ನಾಗಿರುತ್ತೆ!" ಎಂದು ಗದರಿ, ಮನೆಯ ಕಡೆ ತಿರುಗಿ ಕೂಗಿದಳು, "ಅಮ್ಮಾ, ಬೀಗ ಹಾಕ್ಬೇಡ! ಮಾವಂಗೆ ಅಪ್ಪನ ಇನ್ನೊಂದು ರೇಷ್ಮೆ ಪಂಚೆ ತಗೊಂಡ್ ಬಾ."

ಅಕ್ಕ ಗೊಣಗುತ್ತಾ ಮತ್ತೆ ಬಾಗಿಲು ತೆಗೆದಳು. ಡ್ರೈವರ್ ಹಾರನ್ ಹೊಡೆದ. ನನಗೆ ಅಳು ಬಂದುಬಿಟ್ಟಿತು. ಬಸ್ಸಿನ ಹಿಂದೆ ಹೋಗಿ, ಡಿಕ್ಕಿಯ ಹಗ್ಗ ಬಿಗಿಯಾಗಿದೆಯೋ ಇಲ್ಲವೋ ಎಂದು ನೋಡುವವನ ಹಾಗೆ ಅದನ್ನು ಹಿಡಿದು ನಿಂತೆ. ಅಕ್ಕ ಪಂಚೆ ತಂದುಕೊಟ್ಟಾಗ ಅದನ್ನು ಯಾವ ಪೆಟ್ಟಿಗೆಗೂ ಹಾಕಲಿಲ್ಲ, ತೊಡೆಯ ಮೇಲೆ ಇಟ್ಟುಕೊಂಡೇ ಗೋವಾದವರೆಗೂ ಕೂತಿದ್ದೆ.